ಸೀಸೆ ಹಿಡಿದು ದವಾಖಾನೆಗೆ

ಮೂತ್ರದ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ದವಾಖಾನೆಗೆ ಹೊರಟ ಮನುಷ್ಯನನ್ನು ಹಿಂದಿನಿಂದ ನೋಡಿದರೂ ಗುರುತಿಸಬಹುದು. ಒಂದು ಕೈ ಗಾಳಿಗೆ ಸಲೀಸಾಗಿ ಬೀಸುತ್ತಿದ್ದರೆ ಇನ್ನೊಂದು ಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ. ನಡಿಗೆಯಲ್ಲಿ ಅವಸರವಿದ್ದರೂ ಹೆಜ್ಜೆಯಲ್ಲಿ ಎಚ್ಚರವಿರುತ್ತದೆ. ಬೇರೆ ದಿನಗಳಲ್ಲಿ "ಎಲ್ಲಿಗ್ರೀ?" ಎಂದು ಕೇಳಿದವರಿಗೆ ತನ್ನ ವಂಶವೃತ್ತಾಂತವನ್ನೆಲ್ಲ ಹೇಳುವವನು ಆ ದಿನ "ಹಿಂಗ ಸ್ವಲ್ಪ" ಎಂದು ಜಾಗ ಖಾಲಿ ಮಾಡುತ್ತಾನೆ. ಇದನ್ನು ಇಷ್ಟು ಅಧಿಕಾರವಾಣಿಯಿಂದ ಹೇಳಲು ಕಾರಣ, ಓದುಗ ಮಹಾಶಯರೇ, ನಾನೂ ಕೆಲವು ಕಾಲ ಅಂಥ ಸೀಸೆವಾಹಕನಾಗಿದ್ದೆ. ಅದೂ ನನ್ನ ಸ್ವಂತ ಸೀಸೆಯಲ್ಲ, ಮಾವನವರದು. ಅಳಿಯನ ಕರ್ತವ್ಯಗಳನ್ನು ಪಟ್ಟಿಮಾಡಿದ ಧರ್ಮಶಾಸ್ತ್ರಕಾರರು ಇದೊಂದನ್ನು ಏಕೆ ಬಿಟ್ಟರೋ ತಿಳಿಯದು.

ನನ್ನ ಊರು ಲಿಂಗಸುಗೂರು. ಸಿಂಧನೂರಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ವರ್ಗವಾದಾಗ, ಹೆಂಡತಿಯ ತವರು ಅದೇ ಊರಾದ್ದರಿಂದ, ಬಾಡಿಗೆ ಮನೆ ಸಿಗುವ ತನಕ ಎಂದು ಮಾವನ ಮನೆಗೆ ಹೋಗಿ ಇಳಿದೆ. ಬಾಡಿಗೆ ಮನೆಗಳೇನೋ ಊರ ತುಂಬ ಇದ್ದವು. ಅತ್ತೆಯ ಕೈಯಡುಗೆಯ ದೆಸೆಯಿಂದ ಅವು ನನ್ನ ಕಣ್ಣಿಗೆ ಬೀಳಲಿಲ್ಲ. ಕಾಲುವೆಯ ನೀರು ಬಂದು ಊರಿನ ಬಣ್ಣವೇ ಬದಲಾಗುತ್ತಿದ್ದ ಕಾಲ ಅದು. ಬಿಳಿಜೋಳ ನಿಂತಿದ್ದ ಎರೆಹೊಲಗಳಲ್ಲಿ ಭತ್ತದ ಗದ್ದೆ ಎದ್ದಿತ್ತು. ಮಾವನವರ ಹೊಲಕ್ಕೂ ನೀರು ಹತ್ತಿತ್ತು. ಮೊದಲ ಸುಗ್ಗಿಯ ಅಕ್ಕಿ ಮನೆಗೆ ಬಂದ ದಿನವೇ ಅವರು, "ಇನ್ನ ಈ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಕೇಳಬಾರದು" ಎಂದು ಆಜ್ಞೆ ಹೊರಡಿಸಿದ್ದರಂತೆ.

ಈ ಸಪ್ಪಳದ ವಿಷಯ ಸ್ವಲ್ಪ ವಿಚಾರಮಾಡತಕ್ಕದ್ದು. ಕಾಲುವೆಗೆ ಮೊದಲು ಸಂಜೆ ಹೊತ್ತು ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸದಿದ್ದರೆ ಆ ಮನೆಯಲ್ಲಿ ಒಲೆ ಹತ್ತಿಲ್ಲವೆಂದು ಓಣಿಯವರು ಮರುಗುತ್ತಿದ್ದರು. ಕಾಲುವೆ ಬಂದ ಮೇಲೆ ಅದೇ ಸದ್ದು ಕೇಳಿಸಿದರೆ, ಪಾಪ, ಇವರ ಹೊಲಕ್ಕೆ ನೀರು ಮುಟ್ಟಿಲ್ಲ ಎಂದು ಮರುಗತೊಡಗಿದರು. ಹಿಟ್ಟು ಅದೇ, ಕೈ ಅದೇ. ಮರುಕದ ದಿಕ್ಕು ಮಾತ್ರ ಬದಲಾಗಿತ್ತು. ಅತಿಥಿಗೆ ಬಿಳಿಯ ಅನ್ನ, ಊಟವಾದ ಮೇಲೆ ಸಕ್ಕರೆ ಸುರಿದ ಚಹಾ: ಇವೆರಡರಿಂದಲೇ ಮನೆತನದ ಮರ್ಯಾದೆ ಅಳೆಯುವ ಹೊಸ ಪದ್ಧತಿ ಬಂದಿತ್ತು.

ಇಂಥ ಊರಿಗೆ ಮೈಸೂರು ಸೀಮೆಯ ಒಬ್ಬ ಯುವ ಡಾಕ್ಟರು ಸರಕಾರಿ ದವಾಖಾನೆಗೆ ಬಂದರು. ಬಂದವರು ಜಡ್ಡಾದವರನ್ನು ನೋಡಿ ಸುಮ್ಮನಿರಬೇಕಷ್ಟೆ? ಜಡ್ಡಿಲ್ಲದವರನ್ನೂ ನೋಡುವೆನೆಂದು ಹಟ ಹಿಡಿದರು. ನಡುವಯಸ್ಸು ದಾಟಿದವರು, ಹೊಟ್ಟೆ ಬಂದವರು, ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದವರು, ಏನೂ ತೊಂದರೆ ಇಲ್ಲದಿದ್ದರೂ ಊಟವಾದ ಮೇಲೆ ಒಂದು ಸೀಸೆ ತಂದು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸಾರಿದರು. ಜನ ನಕ್ಕರು. "ಜಡ್ಡು ಬಂದ ಮ್ಯಾಲ ಹೋದ್ರಾತು, ಬರೂಕಿಂತ ಮೊದಲ ಹೋಗಿ ಕರ್ಕೊಂಡು ಬರಬೇಕೇನು?" ಎಂದು ಮಾವನವರೂ ಕಟ್ಟೆಯ ಮೇಲೆ ಕೂತು ನಕ್ಕವರೇ. ಆದರೆ ಅವರ ನಗು ಅರ್ಧಕ್ಕೇ ನಿಂತಿದ್ದನ್ನು ನಾನು ನೋಡಿದೆ. ಪಾಮನಕಲ್ಲೂರಿನಲ್ಲಿದ್ದ ಅವರ ಅಣ್ಣನಿಗೆ ಜಾಲಿಮುಳ್ಳು ಚುಚ್ಚಿ, ಗಾಯ ಮಾಯದೆ, ಪಾದ ಕಪ್ಪಾಗಿ, ಕೊನೆಗೆ ಕಾಲನ್ನೇ ತೆಗೆಸಬೇಕಾಗಿ ಬಂದಿತ್ತು. ಅದು ಸಕ್ಕರೆ ಕಾಯಿಲೆಯೆಂದು ಗೊತ್ತಾದದ್ದು ಕಾಲು ಹೋದ ಮೇಲೆ. ಅಣ್ಣ ಹೆಚ್ಚು ದಿನ ಉಳಿಯಲಿಲ್ಲ. ಕಾಲುವೆಯ ದಂಡೆಯ ಮೇಲೆ ದಿನಾ ಬರಿಗಾಲಲ್ಲಿ ನಡೆದು ತನ್ನ ಪಾಲಿನ ನೀರು ಕಾಯುವ ಮಾವನಿಗೆ ಪಾದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಅಂತೂ ಸೀಸೆ ನನ್ನ ಜೇಬು ಸೇರಿತು, ಮಾವ ಬರಿಗೈಯಲ್ಲಿ ಜೊತೆಗೆ ಬಂದರು. ದವಾಖಾನೆಯ ಮೇಜಿನ ಮೇಲೆ ಸ್ಪಿರಿಟ್ ದೀಪ. ಗಾಜಿನ ನಳಿಗೆಯಲ್ಲಿ ತಿಳಿನೀಲಿಯ ದ್ರಾವಣ. ಅದಕ್ಕೆ ಕೆಲವು ಹನಿ ಬಿಟ್ಟು ಕಾಯಿಸಿದರೆ ಆಯಿತು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನನ್ನಂಥ ವಿಜ್ಞಾನದ ಮಾಸ್ತರನಿಗೆ ಇದು ಹಬ್ಬ. ಮನುಷ್ಯನ ಒಳಗಿನ ಗುಟ್ಟು ಹೀಗೆ ಬಣ್ಣ ಬಣ್ಣವಾಗಿ ಹೊರಬರುವುದನ್ನು ನೋಡುತ್ತ, ಯಾರ ಗುಟ್ಟೆಂಬುದನ್ನೇ ಮರೆತು ನಿಂತಿದ್ದೆ. ಮಾವನವರದು ಹಸಿರಾಯಿತು.

"ಹಸರಂದ್ರ ಚಲೋನ ಅಲ್ಲೇನ್ರೀ?" ಎಂದು ರೈತನಾದ ಮಾವ ಆಸೆಯಿಂದ ಕೇಳಿದರು.

"ಗದ್ದೇಲಿ ಒಳ್ಳೇದು ಗೌಡ್ರೇ, ಇಲ್ಲಿ ಅಲ್ಲ," ಎಂದರು ಡಾಕ್ಟರು. "ಗಾಬರಿ ಬೇಡ. ಕಾಯಿಲೆ ಇನ್ನೂ ಬಾಗಿಲಲ್ಲಿ ನಿಂತಿದೆ. ಒಳಕ್ಕೆ ಕರೀಬೇಕೋ ಬೇಡ್ವೋ ನೀವೇ ಹೇಳ್ಬೇಕು. ಅನ್ನ ಕಮ್ಮಿ ಮಾಡಿ, ಜೋಳದ ರೊಟ್ಟಿ, ಪಲ್ಯ, ಬೇಳೆ ತಿನ್ನಿ. ಸಕ್ಕರೆ ಬಿಡಿ. ನಡೆಯೋದು ಬಿಡಬೇಡಿ. ಚಪ್ಪಲಿ ಹಾಕ್ಕೊಂಡು ನಡೀರಿ."

ಮನೆಗೆ ಬಂದ ಮಾವ ಬಹಳ ಹೊತ್ತು ತಮ್ಮ ಪಾದಗಳನ್ನೇ ನೋಡುತ್ತ ಕೂತರು. ಚಪ್ಪಲಿ ಮರುದಿನವೇ ಬಂತು. ಚಹಾದ ಸಕ್ಕರೆ ಹೋಯಿತು. ತೊಡಕಾದದ್ದು ರೊಟ್ಟಿಯ ವಿಷಯದಲ್ಲಿ. ತಿನ್ನದಿದ್ದರೆ ಕಾಲಿಗೆ ಭಯ. ಬಡಿದರೆ ಓಣಿಯಲ್ಲಿ ಮಾನ ಹೋಗುವ ಭಯ. ಇದಕ್ಕೆ ಅವರು ಕಂಡುಹಿಡಿದ ಉಪಾಯವನ್ನು ಕಾಲುವೆ ಸೀಮೆಯವರಲ್ಲದೆ ಬೇರಾರೂ ಕಂಡುಹಿಡಿಯಲಾರರು. ಹತ್ತಿರದ ಅಕ್ಕಿ ಗಿರಣಿ ಮಧ್ಯಾಹ್ನ ಗಡಗಡ ಎಂದು ಶುರುವಾದೊಡನೆ ಅತ್ತೆ ಬಾಗಿಲು ಮುಂದುಮಾಡಿ ರೊಟ್ಟಿ ಬಡಿಯಬೇಕು. ಆ ಗದ್ದಲದಲ್ಲಿ ಈ ಸಪ್ಪಳ ಮುಚ್ಚಿಹೋಗಬೇಕು. ಅದರ ಜೊತೆಗೆ ಎಂದಿನಂತೆ ಗುಂಡಿಯೆಂಬ ದೊಡ್ಡ ಪಾತ್ರೆಯ ತುಂಬ ಅನ್ನ ಮಾಡಿ, ಗಂಜಿಯನ್ನು ಎಲ್ಲರಿಗೂ ಕಾಣುವಂತೆ ಅಂಗಳಕ್ಕೆ ತಂದು ಎಮ್ಮೆಯ ಬಾನಿಗೆ ಬಸಿಯಬೇಕು. ಅಕ್ಕಿಯಿಂದ ಬಂದ ರೋಗದ ಗುಟ್ಟನ್ನು ಅಕ್ಕಿ ಗಿರಣಿಯೇ ಕಾಪಾಡುತ್ತಿದ್ದದ್ದು ನನಗೆ ಬಹಳ ಸ್ವಾರಸ್ಯವಾಗಿ ಕಂಡಿತು.

ಉಪಾಯ ಫಲಿಸಿತು. ತಿಂಗಳುಗಳು ಕಳೆದಂತೆ ಮಾವನವರ ಹೊಟ್ಟೆ ಇಳಿಯಿತು, ನಳಿಗೆಯ ಬಣ್ಣ ನೀಲಿಯ ಕಡೆಗೆ ತಿರುಗಿತು. ನಾನು ಪ್ರತಿ ಸಲವೂ ಫಲಿತಾಂಶವನ್ನು ಪರೀಕ್ಷೆ ಪಾಸಾದ ಹುಡುಗನ ತಂದೆಯ ಹಾಗೆ ಬೀಗುತ್ತ ಮನೆಗೆ ತರುತ್ತಿದ್ದೆ. ದ್ರವ್ಯಕ್ಕೆ ನಾಶವಿಲ್ಲ, ಅದು ಒಂದೆಡೆ ಕಾಣದಾದರೆ ಇನ್ನೊಂದೆಡೆ ಇದ್ದೇ ಇರುತ್ತದೆ ಎಂದು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುವ ಪಂಡಿತನಿಗೆ, ದಿನಾ ಆಗುವ ಆ ಗುಂಡಿ ಅನ್ನ ಎಲ್ಲಿ ಹೋಗುತ್ತಿದೆಯೆಂಬ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಒಂದು ದಿನ ಡಾಕ್ಟರು ಮಾವನವರನ್ನು ಮಾತಾಡಿಸಲು ಮನೆಗೇ ಬಂದರು. ಮಾತಿನ ನಡುವೆ ಅತ್ತೆ ಮತ್ತೆ ಮತ್ತೆ ಎದ್ದು ಹೋಗಿ ಚರಿಗೆಯಿಂದ ನೀರು ಕುಡಿದು ಬರುವುದನ್ನು ಗಮನಿಸಿದರು. "ಬಿಸಿಲ್ರೀ," ಎಂದರು ಅತ್ತೆ. ಡಾಕ್ಟರು ಹೊರಗೆ ನೋಡಿದರು. ಹೊರಗೆ ಮೋಡ ಕವಿದಿತ್ತು.

"ನಾಳೆ ನಿಮ್ಮದೂ ಒಂದು ಸೀಸೆ ಕಳಿಸಿಕೊಡಿ ಅಮ್ಮಾ."

"ಆಕಿಗೇನಾಗೈತ್ರೀ? ಹೊಟ್ಟಿಲ್ಲ, ಬೊಜ್ಜಿಲ್ಲ, ದಿನಾ ಸಣ್ಣಾಗಾಕತ್ಯಾಳ," ಎಂದು ಮಾವ ನಕ್ಕರು. ಡಾಕ್ಟರು ನಗಲಿಲ್ಲ.

ಮರುದಿನ ನನ್ನ ಎರಡೂ ಜೇಬುಗಳು ಭರ್ತಿಯಾದವು. ಎರಡೂ ಕೈ ಪಕ್ಕೆಗೆ ಅಂಟಿಸಿಕೊಂಡು ನಡೆದೆ. ಮಾವನೂ ಜೊತೆಗೆ ಬಂದರು. ಅವರ ನಳಿಗೆ ನೀಲಿಯಾಗಿಯೇ ಉಳಿಯಿತು. ಅತ್ತೆಯದು ಹಸಿರಾಯಿತು, ಅಲ್ಲಿ ನಿಲ್ಲಲಿಲ್ಲ. ಹಳದಿಯಾಯಿತು, ಅಲ್ಲೂ ನಿಲ್ಲಲಿಲ್ಲ. ಇಟ್ಟಿಗೆ ಕೆಂಪು ತಳಕ್ಕೆ ಇಳಿಯುವಾಗ ನನಗೆ ಆ ಬಣ್ಣಗಳ ಮೇಲಿದ್ದ ಮೋಹವೆಲ್ಲ ಹೋಯಿತು.

"ಅಳಿಯಾರ, ಸೀಸಿ ಅದಲು ಬದಲಾಗ್ಯಾವ," ಎಂದರು ಮಾವ. "ಕೆಂಪಂದು ನಂದು. ನಂದ ಇರಬೇಕ್ರೀ. ನಮ್ಮಣ್ಣಗಿತ್ತು, ನಮ್ಮ ರಕ್ತದಾಗ ಐತಿ. ಡಾಕ್ಟರ, ಇನ್ನೊಮ್ಮೆ ನೋಡ್ರೀ."

ಅಷ್ಟು ದಿನ ಹಸಿರಿಗೇ ಹೆದರಿ ಪಾದ ನೋಡಿಕೊಳ್ಳುತ್ತಿದ್ದ ಮನುಷ್ಯ ಕೆಂಪನ್ನು ತನಗೆ ಕೊಡಿರೆಂದು ಬೇಡುತ್ತಿದ್ದರು. ಡಾಕ್ಟರು ಇನ್ನೊಮ್ಮೆ ನೋಡಿದರು. ಕೆಂಪು ಅತ್ತೆಯದೇ ಆಗಿತ್ತು.

ನಮ್ಮೊಡನೆ ಮನೆಗೆ ಬಂದು ಡಾಕ್ಟರು ಅತ್ತೆಯನ್ನು ಊಟದ ವಿಷಯ ಕೇಳಿದರು. ಅವರು ಸಂಕೋಚದಿಂದ ಹೇಳಿದರು: "ಎಲ್ಲಾರದೂ ಆದ ಮ್ಯಾಲ ಉಳಿದದ್ದು ಉಣ್ತೀನ್ರೀ. ಇವರು ಅನ್ನ ಬಿಟ್ಟಾಗಿಂದ ಭಾಳ ಉಳೀತೈತಿ. ಅನ್ನ ಚೆಲ್ಲಾಕ ಬರ್ತೈತೇನ್ರೀ? ರಾತ್ರಿಗೂ ಅದನ್ನ, ಮುಂಜಾನಿಗೂ ಅದನ್ನ ಉಣ್ಣಾಕತ್ತೀನಿ. ರೊಟ್ಟಿ ಇವರಿಗಷ್ಟ ಮಾಡ್ತೀನಿ."

"ಬರೀ ಅನ್ನದಿಂದ ಬಂದದ್ದಲ್ಲ," ಎಂದರು ಡಾಕ್ಟರು, ಮಾವನ ಮುಖ ನೋಡಿ ಮೆತ್ತಗೆ. "ಮೊದಲೇ ಇದ್ದಿರಬೇಕು. ಯಾರೂ ನೋಡಿರ್ಲಿಲ್ಲ ಅಷ್ಟೆ." ಆಮೇಲೆ ಗುಳಿಗೆ ಬರೆದುಕೊಟ್ಟು, ಮಾವನಿಗೆ ಹೇಳಿದ್ದ ಪಥ್ಯವನ್ನೇ ಅತ್ತೆಗೂ ಹೇಳಿ ಹೋದರು.

ನಾನು ಆಗ ಯೋಚಿಸಿದೆ. ಪರೀಕ್ಷೆಗೆ ಬನ್ನಿರೆಂದಾಗ ಊರಿನಿಂದ ಹೋದ ಸೀಸೆಗಳೆಲ್ಲ ಗಂಡಸರವೇ. ಹೆಂಗಸರನ್ನು ಯಾರೂ ತಡೆದಿರಲಿಲ್ಲ. ಅವರಿಗೂ ಒಂದು ದೇಹವಿದೆಯೆಂದು ಯಾರಿಗೂ ನೆನಪಾಗಿರಲಿಲ್ಲ, ಅವರಿಗೂ ಕೂಡ.

ಮರುದಿನ ಗಿರಣಿಗೆ ರಜೆ. ಮಾವ ತಾವೇ ಎದ್ದು ತಲಬಾಗಿಲು ತೆರೆದಿಟ್ಟು, "ಬಡಿ" ಎಂದರು. ನಿಶ್ಶಬ್ದವಾದ ಓಣಿಯ ತುಂಬ ಸಪ್ಪಳ ಹರಡಿತು. ಎದುರುಮನೆಯಾತ ಹೊರಗೆ ಬಂದು, "ಯಾಕ್ರೀ ಗೌಡ್ರ, ನೀರು ಬರಾಕತ್ತಿಲ್ಲೇನು?" ಎಂದ. "ನೀರು ಬರಾಕತ್ತೈತಿ. ನಮಗ ಇಬ್ಬರಿಗೂ ಸಕ್ಕರಿ ಐತಿ. ನೀನೂ ನಿನ್ನ ಹೆಣ್ತಿನ್ನ ಕರ್ಕೊಂಡು ಹೋಗಿ ತೋರಿಸು," ಎಂದು ಮಾವ ಕೂಗಿ ಹೇಳಿದರು. ಗುಂಡಿ ಅಂದು ಒಲೆಯ ಮೇಲೇರಲಿಲ್ಲ.

ಊಟಕ್ಕೆ ಕೂತೆವು. ಅತ್ತೆ ಬಿಸಿರೊಟ್ಟಿ ಹಾಕಿದರು. ಮಾವ ಮುಟ್ಟಲಿಲ್ಲ.

"ಏನು ಬೇಕ್ರೀ? ಖಾರ ಹಾಕ್ಲೇನು?"

"ಇನ್ನೊಂದು ತಾಟು ತಾ."

"ಯಾರಿಗೆ?"

"ನಿನಗ. ಕೂಡು."

ಅತ್ತೆ ನನ್ನತ್ತ ನೋಡಿ ಸೆರಗು ಎಳೆದುಕೊಂಡರು. "ಅಳಿಯಾರ ಮುಂದ ಹೆಂಗ್ರೀ..."

"ಅಳಿಯಾರು ನಿನ್ನ ಸೀಸಿ ಹೊತ್ಕೊಂಡು ಬಜಾರದಾಗ ಅಡ್ಡಾಡಿ ಬಂದಾರ. ಇನ್ನೆಂಥಾ ನಾಚಿಗಿ? ಕೂಡು ಅಂದ್ರ ಕೂಡು."

ಅತ್ತೆ ಗೋಡೆಯ ಕಡೆ ಮುಖ ಮಾಡಿ, ಅರ್ಧ ತಿರುಗಿ ಕೂತರು. ಅವರು ತುತ್ತು ಮುರಿದು ಬಾಯಿಗಿಡುವ ತನಕ ಮಾವ ತಮ್ಮ ರೊಟ್ಟಿಗೆ ಕೈ ಹಚ್ಚಲಿಲ್ಲ.