ನಾಲ್ಕನೆಯ ತೂತು

ಮೊದಲು ನೆನಪಾಗುವುದು ಆ ಕಿರುಚು. ನೀರಿನೊಳಗಿರಬೇಕಾದ ಪ್ರೊಪೆಲ್ಲರ್ ಗಾಳಿ ನುಂಗಿದರೆ ಬೋಟಿನ ಮೋಟರ್ ಹಾಗೆ ಕೂಗುತ್ತದೆ. ಇದು ನನಗೆ ಗೊತ್ತಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಯಲ್ಲಾಪುರದಾಚೆಯ ಹಿನ್ನೀರಿನ ದಂಡೆಯಲ್ಲಿ.

ಬೋಟು ನನ್ನ ತಮ್ಮನದು. ರಿಟೈರ್ ಆದವರು ತೀರ್ಥಯಾತ್ರೆಗೆ ಹೊರಟರೆ ಇವನು ರೇಸಿಗೆ ಹೊರಟ. ಮೋಟರ್ ಕೂರಿಸಲು ಶಿರಸಿಯಿಂದ ಲಾರಿ ಮಿಸ್ತ್ರಿಯೊಬ್ಬರನ್ನು ಕರೆತಂದಿದ್ದ. ಸಾಬರು, ಎಂಜಿನ್ನಿನ ದನಿ ಕೇಳಿಯೇ ಕಾಯಿಲೆ ಹೇಳುವವರು.

ಬೋಟಿನ ಹಿಂದೆ ಮೋಟರ್ ಬಿಗಿಯಲು ಒಂದರ ಮೇಲೊಂದು ಐದು ತೂತು. ಒಂದೊಂದೇ ತೂತು ಮೇಲೇರಿಸಿದಂತೆ ಸ್ಪೀಡ್ ಹೆಚ್ಚುತ್ತದೆ. ಅತಿಯಾದರೆ ಪ್ರೊಪೆಲ್ಲರಿಗೆ ನೀರಿನ ಹಿಡಿತ ತಪ್ಪುತ್ತದೆ, ಆಗ ಸ್ಟೇರಿಂಗ್ ತಿರುಗಿಸಿದರೂ ಬೋಟು ತಿರುಗುವುದಿಲ್ಲ. ಅಲ್ಲಿ ಅದು ತಮಾಷೆಯಲ್ಲ. ಮುಳುಗಿದ ಕಾಡಿನ ಒಣಮರಗಳು ಇನ್ನೂ ನೀರಿನಲ್ಲಿ ನಿಂತೇ ಇವೆ.

ಮಿಸ್ತ್ರಿಗೆ ಲೋಡ್ ಹಾಕದೆ ಅಳತೆಯೇ ಇಲ್ಲ. ಆ ಲೋಡ್ ನಾನು.

“ಅಕ್ಕಾ, ಹಿಂದೆ ಕೂತ್ಕೊಳ್ರಿ. ನೀವು ಕೂತ್ರೆ ಬೋಟಿಗೊಂದು ಮರ್ಯಾದೆ,” ಎಂದರು ಮಿಸ್ತ್ರಿ.

“ಮರ್ಯಾದೆ ಅಲ್ಲ, ಮೂಟೆ ಅನ್ನಿ,” ಎಂದ ತಮ್ಮ.

“ಬಿಹೇವ್ ಯುವರ್‌ಸೆಲ್ಫ್!” ಎಂದೆ, ಕಾನ್ವೆಂಟಿನ ಸಿಸ್ಟರ್‌ಗಳಿಂದ ಕಲಿತ ದನಿಯಲ್ಲಿ.

ಬೆಳಗಿನಿಂದ ಅದೇ ಕೆಲಸ. ನಿಧಾನಕ್ಕೆ ಓಡಿಸುವುದು, ದಂಡೆಗೆ ಬರುವುದು, ಒಂದು ತೂತು ಏರಿಸುವುದು. ನಾಲ್ಕನೆಯದಕ್ಕೆ ಮಿಸ್ತ್ರಿ ಬೋಲ್ಟ್ ಬಿಗಿದರು. “ಇಬ್ಬರು ಕೂತ್ರೆ ಇಷ್ಟೇ. ಇನ್ನು ಫುಲ್ ಸ್ಪೀಡ್ ನೋಡುವಾ. ನಾ ನಮಾಜ್ ಮುಗ್ಸಿ ಬರೋ ತನಕ ಮುಟ್ಟಬೇಡ್ರಿ.”

ಅವರು ಜೀಪಿನ ಆಚೆ ಹೋದದ್ದೇ ನಾನು ಇಳಿದೆ. ಫುಲ್ ಸ್ಪೀಡ್ ಎಂಬ ಮಾತಿಗೇ ಹೆದರಿದ್ದೆ. ಹಾಗೆನ್ನಲು ನಾಚಿಕೆ, ಸೊಂಟನೋವು ಎಂದೆ.

“ಹಂಗಾರೆ ಆನೊಬ್ನೇ ಒಂದು ರೌಂಡ್ ಹೊಡೀತೆ,” ಎಂದ ತಮ್ಮ, ಮೋಟರ್ ಶುರು ಮಾಡುತ್ತ.

ಲೋಡ್ ಇಳಿದರೆ ಬೋಟಿನ ಹಿಂಬದಿ ಏಳುತ್ತದೆ, ಜೊತೆಗೆ ಮೋಟರೂ. ಬೆಳಗಿನಿಂದ ಹತ್ತು ಸಲ ಕೇಳಿದ ಪಾಠ. ಹೇಳಲು ಬಾಯಿ ತೆರೆದೆ. ಹೇಳಿದರೆ ಮತ್ತೆ ಬೋಟು ಹತ್ತು ಎಂದಾನು ಎಂದು ಮುಚ್ಚಿದೆ.

ಮೊದಲ ತಿರುವಿನಲ್ಲೇ ಆ ಕಿರುಚು. ತಮ್ಮನ ಕೈ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ್ದು ಕಾಣುತ್ತಿತ್ತು. ಬೋಟು ಮಾತ್ರ ನೆಟ್ಟಗೆ ಒಣಮರಗಳತ್ತ ಜಾರುತ್ತಿತ್ತು.

“ಅಕ್ಕಾ, ಇಳಿದ್ರಾ?” ಜೀಪಿನ ಆಚೆಯಿಂದ ಮಿಸ್ತ್ರಿಯ ಕೂಗು. ಬೋಟನ್ನು ಅವರಿನ್ನೂ ನೋಡಿರಲಿಲ್ಲ. ಮೋಟರಿನ ದನಿಯೇ ನನ್ನ ಚಾಡಿ ಹೇಳಿತ್ತು. ನಮಾಜ್ ಮುರಿದು ಬರಿಗಾಲಲ್ಲಿ ಓಡಿಬಂದರು, ಮೊಣಕಾಲುದ್ದ ನೀರಿಗಿಳಿದು ಬಿಳಿ ಟೋಪಿ ಬೀಸಿದರು. “ಎಕ್ಸಿಲರೇಟರ್ ಬಿಡ್ರೀ! ಬಿಡ್ರೀ!”

ನಾನು ಕಾನ್ವೆಂಟಿನ ಹೇಲ್ ಮೇರಿ ಅಂದೆನೋ, ಮಾರಿಕಾಂಬೆ ಅಂದೆನೋ ನೆನಪಿಲ್ಲ.

ಕಿರುಚು ಇಳಿಯಿತು. ಹಿಂಬದಿ ಕುಸಿದು ಪ್ರೊಪೆಲ್ಲರ್ ನೀರು ಕಚ್ಚಿತು. ಬೋಟು ತಿರುಗಿತು, ಒಂದು ಬೊಡ್ಡೆಗೆ ಉದ್ದಕ್ಕೂ ಉಜ್ಜಿಕೊಂಡು.

ದಂಡೆಗೆ ಬಂದ ತಮ್ಮ ನನ್ನ ಮುಖ ನೋಡಿದ. “ಹೆದ್ರಿದ್ಯನೇ ಅಕ್ಕಾ?” ಅಷ್ಟೇ ಕೇಳಿದ. ಮಿಸ್ತ್ರಿ ಸ್ಪ್ಯಾನರ್ ಹಿಡಿದು ಮೋಟರನ್ನು ಒಂದು ತೂತು ಕೆಳಗಿಳಿಸಿದರು. ದಿನಕ್ಕೆ ಹತ್ತು ಸಲ ಸಾರಿ ಎನ್ನುವ ನನ್ನ ಬಾಯಿಗೆ ಆ ದಿನ ಆ ಪದ ಬರಲಿಲ್ಲ.

ಮಳೆಗಾಲ ಹಿಡಿಯುವ ಮೊದಲೇ ತಮ್ಮ ನಿದ್ದೆಯಲ್ಲೇ ಹೋದ. ಬೋಟಿಗೂ ಅದಕ್ಕೂ ಸಂಬಂಧವಿಲ್ಲ. ನಾನವನನ್ನು ಕಡೆಯ ಸಲ ನೋಡಿದ್ದು ಇನ್ನೊಂದು ದಿನ, ಅದೇ ದಂಡೆಯಿಂದ. ಮೋಟರ್ ಮತ್ತೆ ನಾಲ್ಕನೆಯ ತೂತಿನಲ್ಲಿತ್ತು. ಹಿಂದಿನ ಸೀಟಿನಲ್ಲಿ ಮರಳಿನ ಮೂಟೆ, ಅದಕ್ಕೆ ನನ್ನ ಲೈಫ್‌ಜಾಕೆಟ್.

“ಇದು ಇಳೀತಿಲ್ಲೆ, ಅಕ್ಕಾ!” ಎಂದು ಕೂಗಿ, ನಗುತ್ತ ಕೈ ಬೀಸಿ, ತಿರುವಿನಾಚೆ ಹೋದ.