ಎರಡು ರಾಜ್ಯ, ಒಂದು ಷಟರ್

ಸಾಹೇಬರೆಂದರೆ ನನಗೆ ಗೌರವವಿಲ್ಲ. ಮೊದಲು ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಫೈಲು ಕಂಡರೆ ಎದ್ದು ನಿಲ್ಲುತ್ತಿದ್ದೆ. ಆ ಅಭ್ಯಾಸ ಹೋದದ್ದು ರಾಯದುರ್ಗದ ಒಂದು ಗಾರ್ಮೆಂಟಿನಲ್ಲಿ, ಎರಡು ರಾಜ್ಯಗಳ ಸಾಹೇಬರು ಒಟ್ಟಾಗಿ ಬಂದು ಭೂಕಂಪದಿಂದ ತಪ್ಪಿಸಿಕೊಳ್ಳುವುದು ಹೇಗೆಂದು ನಮಗೆ ಕಲಿಸಿದ ದಿನ.

ನನ್ನ ತವರು ಆಂಧ್ರದ ಮಡಕಶಿರಾ ಸೀಮೆ, ಅಮರಾಪುರದ ಹತ್ತಿರ. ನಮ್ಮ ಹೊಲದ ಬದು ದಾಟಿದರೆ ಕರ್ನಾಟಕ. ನಾನು ಚಿಕ್ಕವಳಿದ್ದಾಗ ಒಂದು ಮುಂಜಾನೆ ಹಟ್ಟಿಯ ಕುರಿಗಳೆಲ್ಲ ಒಮ್ಮೆಗೇ ಎದ್ದು ನಿಂತವು, ಆಮೇಲೆ ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅಂದವು. ಕಲ್ಲುಚಪ್ಪಡಿ ಹೊದಿಸಿದ ಮನೆಯೊಳಗೆ ಮಲಗಲು ಯಾರಿಗೂ ಧೈರ್ಯವಿಲ್ಲ. ಬದುವಿನಾಚೆಯ ಊರವರಿಗೆ ಬಯಲಿರಲಿಲ್ಲ, ಚಾಪೆ ಸುತ್ತಿಕೊಂಡು ನಮ್ಮ ಕಣಕ್ಕೇ ಬಂದರು. ಅವರ ಮನೆಯ ಮುದ್ದೆ, ನಮ್ಮ ಮನೆಯ ಸಾರು. ಭಯ ಕಳೆದ ಮೇಲೆ ಚಾಪೆ ಕೊಡವಿಕೊಂಡು ಹೋದರು. ಅದಕ್ಕೆ ಬ್ಯಾನರ್ ಬೇಕು, ಅಧ್ಯಕ್ಷರು ಬೇಕು, ಶಾಲು ಬೇಕು ಎಂದು ಆಗ ನಮಗೆ ಗೊತ್ತಿರಲಿಲ್ಲ.

ಮದುವೆಯಾಗಿ ರಾಯದುರ್ಗಕ್ಕೆ ಬಂದೆ, ಅದೂ ಗಡಿಗೆ ಹತ್ತಿರದ ಆಂಧ್ರದ ಊರೇ. ಊರಿಗೆ ಊರೇ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ ಕಾಲ ಅದು. ಯಾವ ಓಣಿಗೆ ಹೋದರೂ ಮೆಷಿನ್ನಿನ ಸದ್ದು, ಚರಂಡಿಯಲ್ಲಿ ನೀಲಿ ನೀರು. ಕಣೇಕಲ್ಲಿನ ಕಡೆಯಿಂದ ಹೆಂಗಸರು ಆಟೋ ತುಂಬಿಕೊಂಡು ಬರುತ್ತಿದ್ದರು. ನಾನು ಪ್ಯಾಂಟಿನ ಸೊಂಟಕ್ಕೆ ಬೆಲ್ಟುಪಟ್ಟಿ ಕೂಡಿಸುವ ಕೆಲಸಕ್ಕೆ ಕುಳಿತೆ, ಆಮೇಲೆ ತಂಗಿಯನ್ನೂ ಕರೆಸಿಕೊಂಡೆ. ಅವಳದು ಜೇಬು ಹೊಲಿಯುವ ಕೆಲಸ. ಅವಳ ಬಲಗೈ ಬಟ್ಟೆ ತಿರುಗಿಸುವ ಚುರುಕು ನೋಡಲು ಕಟಿಂಗಿನವರು ಕತ್ತರಿ ಕೆಳಗಿಟ್ಟು ನಿಲ್ಲುತ್ತಿದ್ದರು.

ನಮ್ಮ ಗಾರ್ಮೆಂಟು ಮಾಳಿಗೆಯ ಮೇಲಿತ್ತು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಇಳಿಯಲು ಒಂದೇ ಮೆಟ್ಟಿಲು, ಅದರ ಬುಡದಲ್ಲಿ ರಸ್ತೆಗೆ ಒಂದು ಷಟರ್. ನಾವು ಚಪ್ಪಲಿ ಬಿಟ್ಟು ಮೇಲೆ ಹತ್ತಿದ ಕೂಡಲೇ ಓನರಿನ ಭಾವಮೈದುನ ಷಟರ್ ಎಳೆದು ಹೊರಗಿನಿಂದ ಬೀಗ ಜಡಿಯುತ್ತಿದ್ದ. ಆರ್ಡರ್ ಜೋರಿರುವಾಗ ಪಕ್ಕದ ಗಾರ್ಮೆಂಟಿನವರು ಬಂದು ಕಾಸು ಹೆಚ್ಚು ಕೊಡುತ್ತೇವೆಂದು ಟೈಲರುಗಳನ್ನು ಎಬ್ಬಿಸಿಕೊಂಡು ಹೋಗುತ್ತಾರೆ ಎನ್ನುವುದು ಓನರಿನ ಭಯ. ಜಿಪ್ಪು, ಗುಂಡಿ ಕದಿಯುತ್ತೇವೆ ಎನ್ನುವುದು ಇನ್ನೊಂದು. ಕೇಳಿದರೆ ಮಾತ್ರ ಓನರ್ ಬೇರೆಯೇ ಹೇಳುತ್ತಿದ್ದ.

"ಯಾಕ ಚಿಂತಿ ಮಾಡ್ತೀರಿ? ಷಟರ್ ಇದ್ರ ನಿಮಗ ಚಲೋ. ಹೊರಗಿನ ಗಂಡಸರು ಯಾರೂ ಮ್ಯಾಲೆ ಬರೂದಿಲ್ಲ ನೋಡ್ರಿ."

ನಮ್ಮ ಮಾನದ ಬಗ್ಗೆ ಅವನಿಗೆ ಅಷ್ಟು ಕಾಳಜಿ. ಕಕ್ಕಸಿಗೆ ಬಾಗಿಲು ಹಾಕಿಸಿಕೊಡಿ ಎಂದರೆ ಮಾತ್ರ ಆ ಕಾಳಜಿ ಎಲ್ಲಿ ಹೋಗುತ್ತಿತ್ತೋ.

ಒಂದು ಮಧ್ಯಾಹ್ನ, ಊಟ ಮುಗಿಸಿ ಕುಳಿತಿದ್ದೆವು. ನನ್ನ ಸೂಜಿ ಬಟ್ಟೆಯ ಮೇಲೆ ಓರೆಯಾಗಿ ಓಡಿತು. ದಾರದ ಉಂಡೆಗಳು ಮೇಜಿನಿಂದ ಉರುಳಿದವು. ಕ್ವಾರಿಯಲ್ಲಿ ಕಲ್ಲು ಸಿಡಿಸಿರಬೇಕು ಎಂದು ಯಾರೋ ಅಂದರು. ಅಷ್ಟರಲ್ಲಿ ಗೋಡೆಯ ಸುಣ್ಣ ಬಿರಿದು ತಲೆಯ ಮೇಲೆ ಉದುರಿತು. ಎಲ್ಲರೂ ಎದ್ದೆವು. ಎದ್ದವರು ಬರಿಗೈಯಲ್ಲಿ ಓಡಬೇಕಲ್ಲ? ಇಲ್ಲ. ಒಬ್ಬೊಬ್ಬಳೂ ತನ್ನ ಬಂಡಲನ್ನು ಅಪ್ಪಿಕೊಂಡಳು. ಕೂಲಿ ಕೊಡುತ್ತಿದ್ದದ್ದು ಬಂಡಲಿನ ಲೆಕ್ಕದಲ್ಲಿ, ಬಿಟ್ಟುಹೋದ ಬಂಡಲು ಸಂಜೆಗೆ ಇನ್ನೊಬ್ಬಳ ಲೆಕ್ಕಕ್ಕೆ ಸೇರುತ್ತದೆ ಎಂಬ ಭಯ ನಮಗೆ ರೂಢಿಯಾಗಿಬಿಟ್ಟಿತ್ತು. ನಾನೂ ಅಪ್ಪಿಕೊಂಡಿದ್ದೆ. ಎದೆಯ ತುಂಬ ಪ್ಯಾಂಟಿನ ತುಂಡುಗಳಿದ್ದರೆ ಗೋಡೆ ಹಿಡಿಯಲು ಕೈ ಎಲ್ಲಿಂದ ಬರಬೇಕು? ಮುಂದಿದ್ದವರು ಕೆಳಗೆ ಹೋಗಿ ಷಟರಿಗೆ ತಾಗಿದರು, ಹಿಂದಿದ್ದವರು ಅವರ ಮೇಲೆ ಬಿದ್ದರು. ಎಲ್ಲರಿಗಿಂತ ಮುಂದೆ ನನ್ನ ತಂಗಿ ಇದ್ದಳು.

ಬೀಗದ ಕೈ ಭಾವಮೈದುನನ ಜೇಬಿನಲ್ಲಿ, ಭಾವಮೈದುನ ಟೀ ಅಂಗಡಿಯಲ್ಲಿ. ನೆಲ ನಡುಗಿದಾಗ ಅವನು ರಸ್ತೆಯಲ್ಲಿ ಕ್ಷೇಮವಾಗಿ ನಿಂತಿದ್ದ. ಕಟ್ಟಡ ಬೀಳುತ್ತದೋ ಇಲ್ಲವೋ ಎಂದು ಕತ್ತೆತ್ತಿ ನೋಡಿ, ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬಂದು ಬೀಗ ತೆಗೆದನಂತೆ. ಟೀ ಅಂಗಡಿಯವನೇ ನನಗೆ ಹೇಳಿದ್ದು. ಷಟರ್ ಎದ್ದಾಗ ತಂಗಿಯ ಬಲಗೈ ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ಕಟ್ಟಡಕ್ಕೆ ಏನೂ ಆಗಲಿಲ್ಲ. ಭೂಕಂಪ ಒಬ್ಬರ ಕೂದಲನ್ನೂ ಕೊಂಕಿಸಲಿಲ್ಲ. ಕೈ ಮುರಿದದ್ದು ಷಟರ್.

ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದ ಮೇಲೆ ತಂಗಿ ಅಳಲಿಲ್ಲ. ಮನೆಯ ಹೊಸ್ತಿಲ ಮೇಲೆ ಕುಳಿತು ಹೇಳಿದಳು.

"ಆ ಷಟರ್ ಹೋಗೋಗಂಟ ನಾನು ಮೆಟ್ಲು ಹತ್ತಲ್ಲ ಕಣಕ್ಕ. ನೀನೂ ಹತ್ತಬ್ಯಾಡ."

"ತೆಗೆಸ್ತೀನಿ ಸುಮ್ನಿರು," ಎಂದೆ. ಹೇಗೆ ತೆಗೆಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವಳನ್ನು ಹಳ್ಳಿಯಿಂದ ಕರೆತಂದವಳು ನಾನು, ಆ ಮಾತು ಉಳಿಸಿಕೊಳ್ಳದೆ ಅವ್ವನ ಮುಖ ನೋಡುವಂತಿರಲಿಲ್ಲ.

ನೆಲ ನಡುಗಿದ್ದು ಗಡಿಯ ಎರಡೂ ಕಡೆ. ಹಾಗಾಗಿ ಎರಡೂ ಕಡೆಯ ಸಾಹೇಬರು ಸೇರಿ ಒಂದು ಜಂಟಿ ಕಮಿಟಿ ಮಾಡಿಕೊಂಡರು. ಭೂಕಂಪಕ್ಕೆ ಗಡಿಯಿಲ್ಲ ಎಂದು ಅವರಿಗೆ ಹೊಳೆದಿತ್ತಂತೆ, ನಮ್ಮ ಕುರಿಗಳಿಗೆ ಹೊಳೆದು ಎಷ್ಟೋ ವರ್ಷದ ಮೇಲೆ. ಜನರಿಗೆ ತಪ್ಪಿಸಿಕೊಳ್ಳುವ ಡ್ರಿಲ್ಲು ಕಲಿಸಬೇಕೆಂದು ತೀರ್ಮಾನವಾಯಿತು. ಜಾಗ ನಮ್ಮ ಗಾರ್ಮೆಂಟು. ಯಾಕೆಂದರೆ ಮುಂದೆ ಜೀಪು ನಿಲ್ಲಿಸಲು ಜಾಗವಿತ್ತು, ಮತ್ತು ಊಟದ ಖರ್ಚು ನನ್ನದು ಎಂದು ಓನರ್ ಒಪ್ಪಿಕೊಂಡಿದ್ದ.

ತಯಾರಿಯ ಸಭೆಗೆ ನನ್ನನ್ನು ಅನುವಾದಕ್ಕೆ ಕರೆದರು. ಕನ್ನಡ, ತೆಲುಗು ಎರಡೂ ಓದಿ ಬರೆಯಲು ಬರುವವಳು ನಾನು. ಈಗ ಕೇಳಿ. ಆಂಧ್ರದ ಸಾಹೇಬರ ಹೆಂಡತಿ ಬಳ್ಳಾರಿಯವರು, ಫೋನಿನಲ್ಲಿ ಅವರು ಹೆಂಡತಿಗೆ ಹೆದರುತ್ತಿದ್ದದ್ದು ಅಚ್ಚ ಕನ್ನಡದಲ್ಲಿ. ಕರ್ನಾಟಕದ ಸಾಹೇಬರು ತೆಲುಗು ಸಿನಿಮಾದ ಡೈಲಾಗು ಹೇಳಿ ತಾವೇ ನಗುವವರು. ಟೀ ಬಂದಾಗ ಇಬ್ಬರೂ ಎರಡು ಭಾಷೆ ಕಲಸಿ ಹರಟೆ ಹೊಡೆದರು. ಮೈಕ್ ಕೈಗೆ ಬಂದದ್ದೇ ತಡ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದಾಯಿತು. ಒಬ್ಬರು ಹೇಳುವುದು, ನಾನು ತಿರುಗಿಸಿ ಹೇಳುವುದು, ಮೊದಲೇ ಅರ್ಥವಾಗಿದ್ದ ಇನ್ನೊಬ್ಬರು ಆಗ ತಾನೇ ಅರ್ಥವಾದವರಂತೆ ತಲೆಯಾಡಿಸುವುದು. ದೊಡ್ಡ ಮನುಷ್ಯರ ಮಕ್ಕಳಾಟ ನೋಡಿ ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಅವಕಾಶ ಸಿಕ್ಕಿದೆ ಎಂದು ಷಟರಿನ ವಿಷಯ ಎತ್ತಿದೆ. ತಂಗಿಯ ಕೈ ಮುರಿದದ್ದನ್ನು ಕನ್ನಡದಲ್ಲೂ ಹೇಳಿದೆ, ತೆಲುಗಿನಲ್ಲೂ ಹೇಳಿದೆ. ಕರ್ನಾಟಕದ ಸಾಹೇಬರು, "ಕಟ್ಟಡ ಆಂಧ್ರದ್ದು, ನಾವು ಕೈ ಹಾಕುವಂತಿಲ್ಲ," ಎಂದರು. ಆಂಧ್ರದ ಸಾಹೇಬರು ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದರು: ಭೂಕಂಪ ತಮ್ಮ ಇಲಾಖೆಗೆ ಬರುತ್ತದೆ, ಷಟರ್ ಬೇರೆ ಇಲಾಖೆಗೆ ಬರುತ್ತದೆ. ಅದನ್ನೂ ನಾನೇ ಕನ್ನಡಕ್ಕೆ ತಿರುಗಿಸಬೇಕಾಯಿತು. ಆಮೇಲೆ ಬ್ಯಾನರಿನಲ್ಲಿ ಯಾವ ಭಾಷೆ ಮೇಲೆ ಬರಬೇಕು ಎಂಬ ಮಾತು ಶುರುವಾಗಿ ಮಧ್ಯಾಹ್ನದವರೆಗೆ ನಡೆಯಿತು.

ಸಭೆ ಏಳುವ ಹೊತ್ತಿಗೆ ಇನ್ನೊಂದು ಸಮಸ್ಯೆ ಬಂತು. ಸ್ಟ್ರೆಚರಿನ ಮೇಲೆ ಹೊತ್ತು ತರಲು ಒಬ್ಬ ಗಾಯಾಳು ಬೇಕಿತ್ತು. ಆಂಧ್ರದ ಸಾಹೇಬರು ನನ್ನ ಕಡೆ ತಿರುಗಿದರು. "ನಿನ್ನ ತಂಗಿಗೆ ಕಟ್ಟು ಇದೆಯಲ್ಲಮ್ಮ, ಅವಳನ್ನೇ ಕರಿ. ನೋಡೋಕೆ ಸಹಜವಾಗಿರುತ್ತೆ." ಈ ಮಾತನ್ನು ಮಾತ್ರ ನೇರವಾಗಿ ಕನ್ನಡದಲ್ಲೇ ಆಡಿದರು.

ಮನೆಗೆ ಬಂದು ತಂಗಿಗೆ ಹೇಳುವಾಗ ನನ್ನ ಮೈ ಉರಿಯುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು, "ಬತ್ತೀನಿ. ಆವತ್ತು ಷಟರ್ ಎತ್ತಿರ್ತಾರಲ್ಲ, ಎಂಗಿರ್ತೈತೆ ನೋಡಾನ," ಎಂದಳು.

ಡ್ರಿಲ್ಲಿನ ದಿನ ಷಟರ್ ನಿಜಕ್ಕೂ ಮೇಲಿತ್ತು. ಅದರ ಕೊಕ್ಕೆಗೆ ಬಾಯಿ ತೆರೆದ ಬೀಗ ಮಾತ್ರ ನೇತಾಡುತ್ತಿತ್ತು. ಮೆಟ್ಟಿಲು ತೊಳೆದು ರಂಗೋಲಿ ಬಿಟ್ಟಿದ್ದರು. ಕಕ್ಕಸಿಗೂ ಬಾಗಿಲು ಬಂದಿತ್ತು. ಸೈರನ್ ಆಯಿತು. ಹೇಳಿಕೊಟ್ಟಂತೆ ಮೇಜಿನ ಕೆಳಗೆ ಕುಳಿತೆವು, ತಲೆಯ ಮೇಲೆ ಕೈ ಇಟ್ಟೆವು, ಬರಿಗೈಯಲ್ಲಿ ಸಾಲಾಗಿ ಇಳಿದು ಎದುರಿನ ಬೇವಿನ ಮರದ ಕೆಳಗೆ ಹೋಗಿ ಕುಳಿತೆವು. ತಂಗಿಯನ್ನು ಮೆಟ್ಟಿಲ ಬುಡದಲ್ಲೇ ಸ್ಟ್ರೆಚರಿನ ಮೇಲೆ ಮಲಗಿಸಿ, ಅವಳ ಕೈ ಮುರಿದ ಅದೇ ಬಾಗಿಲಿನಿಂದ ಹೊತ್ತು ತಂದರು. ಫೋಟೋದವನು ಸರಿಯಾಗಿ ಬರಲಿಲ್ಲ ಎಂದ. ಇನ್ನೊಮ್ಮೆ ಒಳಗೆ ಒಯ್ದು ಹೊತ್ತು ತಂದರು. "ಸ್ವಲ್ಪ ನೋವು ಕಾಣೂ ಹಂಗ ಮಾರಿ ಮಾಡವಾ," ಎಂದ ಅವನು.

ಅದು ಮುಗಿದ ಮೇಲೆ ಸಾಹೇಬರು, ಅವರ ಹಿಂದಿನವರು, ಓನರ್, ಎಲ್ಲರೂ ಮೇಲೆ ಹೋದರು. ಬ್ಯಾನರ್ ಅಲ್ಲಿತ್ತು, ಫ್ಯಾನ್ ಅಲ್ಲಿತ್ತು, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಅಲ್ಲಿತ್ತು. ಹೆಣ್ಣುಮಕ್ಕಳು ಮರದ ಕೆಳಗೇ ಇರಲಿ ಎಂದರು. ಭಾವಮೈದುನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹೋಟೆಲಿನಿಂದ ಊಟ ತರಲು ಹೋದ. ಮೈಕಿನಲ್ಲಿ ಆಂಧ್ರದ ಸಾಹೇಬರ ದನಿ ಕೇಳಿಸಿತು. ಈ ಕಟ್ಟಡ ಇಡೀ ಸೀಮೆಗೆ ಮಾದರಿ ಎನ್ನುತ್ತಿದ್ದರು.

ತಂಗಿ ಸ್ಟ್ರೆಚರಿನಿಂದ ಎದ್ದು ಕುಳಿತಳು. ಷಟರನ್ನೇ ನೋಡುತ್ತಿದ್ದಳು.

"ದಿನಾ ಇಂಗಿರಲ್ವಲ್ಲಕ್ಕ," ಎಂದಳು. "ದಿನಾ ಎಂಗಿರ್ತೈತೋ ಅಂಗೆ ತೋರಿಸ್ಬೇಕಲ್ವಾ ಅವರ್ಗೆ?"

ನಮ್ಮಲ್ಲಿ ಜಿಪ್ಪು ಕೂಡಿಸುವ ಒಬ್ಬ ಹಿರಿಯ ಹೆಂಗಸಿದ್ದಳು, ರಾಯದುರ್ಗದವಳೇ. ದೊಡ್ಡಕ್ಕ ಎಂದು ಕರೆಯುತ್ತಿದ್ದೆವು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. "ಖರೇ ಐತಿ ನೋಡವಾ. ಬಾ, ಕೈ ಹಚ್ಚು," ಎಂದಳು. ನಾನು ಒಂದು ಕಡೆ, ಅವಳು ಒಂದು ಕಡೆ ಹಿಡಿದು ಎಳೆದೆವು. ಷಟರ್ ಗಡಗಡ ಎಂದು ಇಳಿಯಿತು. ಬೀಗ ಹಾಕಿ ಒತ್ತಿದೆ, ಟಕ್ ಅಂತು. ಹೋಗಿ ಮರದ ಕೆಳಗೆ ಸಾಲಾಗಿ ಕುಳಿತೆವು. ಈಗಲೂ ಅದನ್ನು ತಪ್ಪು ಎಂದು ನಾನು ಒಪ್ಪುವುದಿಲ್ಲ.

ಮೊದಲು ಭಾಷಣ ನಿಂತಿತು. ಮೆಟ್ಟಿಲಿನಲ್ಲಿ ಬೂಟಿನ ಸದ್ದಾಯಿತು. ಆಮೇಲೆ ಷಟರ್ ಬಡಿಯತೊಡಗಿದರು. ಓನರ್ ಒಳಗಿನಿಂದ, "ಯಾರ್ರೀ ಅದು, ತೆಗೀರ್ರಿ, ಸಾಹೇಬ್ರ ಅದಾರ," ಎಂದು ಕೂಗಿದ. ಸಾಹೇಬರು ಇದ್ದರೆ ಷಟರಿಗೆ ಮರ್ಯಾದೆ ಗೊತ್ತಾಗುತ್ತದೆ ಅಂದುಕೊಂಡಿದ್ದನೋ ಏನೋ. ಮೇಲಿನ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಕೆಲವರು ರಸ್ತೆಯವರನ್ನು ಕರೆದರು. ರಸ್ತೆಯವರು ಇದೂ ಡ್ರಿಲ್ಲು ಅಂದುಕೊಂಡು ಚಪ್ಪಾಳೆ ತಟ್ಟಿದರು.

ಅನುವಾದದವಳು ನಾನು, ಸುಮ್ಮನಿರುವುದು ಸರಿಯಲ್ಲ. ಷಟರಿನ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ. "ಓಡಬೇಡಿ, ತಳ್ಳಬೇಡಿ, ಮೇಜಿನ ಕೆಳಗೆ ಕೂತು ತಲೆ ಮೇಲೆ ಕೈ ಇಟ್ಟುಕೊಳ್ಳಿ." ಅವರೇ ಕಲಿಸಿದ ಮಾತು. ಬಳಿಕ ತೆಲುಗಿನಲ್ಲೂ ಹೇಳಿದೆ, "ಪರಿಗೆತ್ತಕಂಡಿ, ತೋಯಕಂಡಿ." ಒಳಗಿನಿಂದ ಎರಡು ರಾಜ್ಯಗಳೂ ಒಂದೇ ದನಿಯಲ್ಲಿ, ಒಂದೇ ಭಾಷೆಯಲ್ಲಿ ಕೂಗಿದವು. "ಅಮ್ಮಾ, ಬೀಗ ತೆಗಿಯಮ್ಮಾ!" ತಂಗಿ ಆವತ್ತು ನಕ್ಕಳು. ಕೈ ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಭಾವಮೈದುನ ಊಟದ ಡಬ್ಬಿಗಳೊಂದಿಗೆ ಬಂದು ಬೀಗ ತೆಗೆದಾಗ ಇಸ್ತ್ರಿ ಅಂಗಿಗಳೆಲ್ಲ ಬೆವರಿಗೆ ಮೈಗಂಟಿದ್ದವು. ಎಲ್ಲರಿಗಿಂತ ಮೊದಲು ಹೊರಬಿದ್ದವರು ಕರ್ನಾಟಕದ ಸಾಹೇಬರು, ಅವರ ಬೆನ್ನಿಗೆ ಆಂಧ್ರದವರು. ಎದೆಗೆ ತಮ್ಮ ತಮ್ಮ ಫೈಲು ಅಪ್ಪಿಕೊಂಡಿದ್ದರು. ಯಾರು ಬೀಗ ಹಾಕಿದ್ದು ಎಂದು ಕೇಳಿದರು. ದಿನಾ ಹಾಕುವುದೇ ಎಂದಳು ದೊಡ್ಡಕ್ಕ. ಓನರ್ ನಮ್ಮನ್ನೆಲ್ಲ ಕೆಲಸದಿಂದ ಕಿತ್ತುಹಾಕುತ್ತೇನೆಂದು ಹಾರಾಡಿದ. ಆದರೆ ಆರ್ಡರ್ ತಲೆಯ ಮೇಲಿತ್ತು. ಷಟರ್ ತೆಗೆಸು ಎಂದು ಸಾಹೇಬರಿಬ್ಬರೂ ಅವನನ್ನು ಗದರಿಸಿಯೂ ಹೋಗಿದ್ದರು. ಮರುದಿನ ವೆಲ್ಡಿಂಗಿನವನನ್ನು ಕರೆಸಿ ಷಟರನ್ನೇ ಇಳಿಸಿ ಗುಜರಿಗೆ ಹಾಕಿದ. ಇಷ್ಟು ದಿನ ಯಾವ ಇಲಾಖೆಗೂ ಬರದ ಷಟರ್ ಒಂದೇ ದಿನದಲ್ಲಿ ಎರಡೂ ರಾಜ್ಯಗಳ ಇಲಾಖೆಗೆ ಬಂದುಬಿಟ್ಟಿತ್ತು.

ಕಟ್ಟು ಬಿಚ್ಚಿದ ಮೇಲೆ ತಂಗಿ ಮೆಟ್ಟಿಲು ಹತ್ತಿದಳು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಜೇಬು ಹೊಲಿಯುವ ಕೈ ಇನ್ನು ಅದಲ್ಲ. ದಾರದ ತುದಿ ಕತ್ತರಿಸುವ ಕೆಲಸಕ್ಕೆ ಬಾಗಿಲಿಗೆ ಹತ್ತಿರ ಕುಳಿತಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂದಿತ್ತು, ಕೆಳಗೆ 'ಗಾಯಾಳುವಿನ ಪಾತ್ರದಲ್ಲಿ ಕಾರ್ಮಿಕ ಮಹಿಳೆ' ಎಂದು ಬರೆದಿದ್ದರು. "ಪಾತ್ರ ಅಂತೆ ಕಣಕ್ಕ," ಎಂದು ಎಡಗೈಯಲ್ಲಿ ಅದನ್ನು ಮುದುರಿ ಒಲೆಗೆ ಹಾಕಿದಳು.

ಮುಂದಿನ ವರ್ಷ ಜಂಟಿ ಕಮಿಟಿ ಡ್ರಿಲ್ಲಿಗೆ ಬೇರೊಂದು ಗಾರ್ಮೆಂಟು ಹುಡುಕಿಕೊಂಡಿತು. ಅಲ್ಲಿ ಹೊಲಿಯುವವರಿಂದಲೇ ಕೇಳಿದೆ. ಈ ಸಲ ಸಾಹೇಬರು ಸಭೆಯನ್ನು ಮಾಳಿಗೆಯ ಮೇಲೆ ಇಡಲಿಲ್ಲವಂತೆ, ಹೊರಗೆ ರಸ್ತೆಯಲ್ಲೇ ಶಾಮಿಯಾನ ಹಾಕಿಸಿಕೊಂಡರಂತೆ. ನಮ್ಮಿಂದ ಅವರು ಕಲಿತದ್ದು ಅಷ್ಟೇ. ಶಾಮಿಯಾನ ಬಿಚ್ಚಿಕೊಂಡು ಹೋದ ಮೇಲೆ ಅಲ್ಲಿಯ ಷಟರ್ ಎಂದಿನಂತೆ ಇಳಿಯಿತು.