ಕೋಣೆಯ ನಡುವಿನ ಕುಣಿ

ತನ್ನ ಹಳೆಯ ಕೋಣೆಯಲ್ಲಿ ಅಗೆದಿದ್ದ ಗುಂಡಿಯನ್ನು ನೋಡಿ ಅಂಜಿನೇಯನ ಕಣ್ಣು ತುಂಬಿ ಬಂತು. ಮೂವತ್ತೊಂದು ವರ್ಷದ ಗಂಡಸು, ಬಗಲಲ್ಲಿ ಸುತ್ತಿದ ಹಾಸಿಗೆ, ಕೈಯಲ್ಲಿ ಬಕೆಟ್ಟು, ಬಕೆಟ್ಟಿನೊಳಗೆ ಕುಕ್ಕರ್ರು. ಈ ಅವತಾರದಲ್ಲಿ ಬಾಗಿಲಲ್ಲಿ ನಿಂತವನು, ಮಗ ವಾಪಸ್ ಬರುತ್ತಾನೆಂದು ಅವ್ವ ಕೋಣೆಯೊಳಗೇ ಕಕ್ಕಸು ಕಟ್ಟಿಸುತ್ತಿದ್ದಾಳೆ ಎಂದುಕೊಂಡ.

“ಇಷ್ಟೆಲ್ಲ ಯಾಕ್ ಮಾಡಾಕೆ ಹೋದೆ ಅವ್ವ? ಹಿತ್ತಲಾಗೆ ಐತಲ್ಲ,” ಎಂದ. “ಮಾಡಿಸೋದೇ ಆದ್ರೆ ವೆಸ್ಟರ್ನ್ ಇಡಿಸು. ಅಪ್ಪನ ಮೊಣಕಾಲಿಗೂ ಅನುಕೂಲ ಆಗ್ತೈತೆ.”

ಯರ್ರಮ್ಮ ಮಗನ ಮುಖವನ್ನೂ ಗುಂಡಿಯನ್ನೂ ಒಂದೆರಡು ಸಲ ನೋಡಿದಳು. ಅಕ್ಕ ಪ್ರೇಮಲತಾ ಗೋಡೆಗೆ ಒರಗಿಕೊಂಡು ಹಾಗೇ ಜಾರಿ ನೆಲಕ್ಕೆ ಕೂತು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕು ಬಹಳ ತಿಂಗಳಾಗಿತ್ತು.

“ಲೇ ದಡ್ಡ, ಅದು ಮಗ್ಗದ ಕುಣಿ. ಅವ್ವ ಕಾಲು ಇಳಿಬಿಟ್ಟು ಕೂರೋದು ಅದ್ರಾಗೆ.”

ಮೊಳಕಾಲ್ಮೂರಿನಲ್ಲಿ, ಅದೂ ಮಗ್ಗದ ಸದ್ದಿಲ್ಲದಿದ್ದರೆ ಯಾರೋ ಸತ್ತಿರಬೇಕೆಂದು ಜನ ಬಾಗಿಲಿಗೆ ಬರುವ ಓಣಿಯಲ್ಲಿ ಹುಟ್ಟಿದವನಿಗೆ ಮಗ್ಗದ ಕುಣಿ ಗುರುತು ಸಿಗಲಿಲ್ಲ. ಸಂಜೆಯೊಳಗೆ ಎದುರುಮನೆಯ ಹುಚ್ಚಕ್ಕ ಕಟ್ಟೆಯ ಮೇಲಿಂದ ಕೂಗಿದ್ದೂ ಆಯಿತು: “ಏಮಪ್ಪಾ ಅಂಜಿನೇಯ, ನಿಮ್ಮನ್ಯಾಗೆ ಕಕ್ಕಸಿನಾಗೆ ಕೂತು ರೇಷ್ಮೆ ಸೀರೆ ನೇಯ್ತಾರಂತೆ?”

ತಪ್ಪು ಪೂರ್ತಿ ಅವನದ್ದೇ ಅಲ್ಲ. ವಾರದ ಹಿಂದೆ ಪ್ರೇಮಲತಾ ಸುಣ್ಣ ಹೊಡೆದ ಖಾಲಿ ಕೋಣೆಯ ಫೋಟೊ ಕಳಿಸಿದ್ದಳು, ಕೆಳಗೆ ಒಂದಕ್ಷರವೂ ಇರಲಿಲ್ಲ. ಅದರ ಹಿಂದಿನ ದಿನವಷ್ಟೇ ಅವನು ಚಳ್ಳಕೆರೆಯಿಂದ ಫೋನು ಮಾಡಿ, ರೂಮು ಬಿಡುತ್ತಿದ್ದೇನೆ, ಮನೆಯಿಂದಲೇ ಓಡಾಡುತ್ತೇನೆ ಎಂದಿದ್ದ. ಎರಡನ್ನೂ ಕೂಡಿಸಿ ಕಣ್ಣೊರೆಸಿಕೊಂಡಿದ್ದ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ವೇಬ್ರಿಡ್ಜಿನಲ್ಲಿ ಶೇಂಗಾ ಲಾರಿ ತೂಗಿ ಚೀಟಿ ಹರಿದುಕೊಡುವುದು ಅವನ ಉದ್ಯೋಗ. ಎಂಟು ವರ್ಷದಿಂದ ಅದೇ ಕುರ್ಚಿ. ಮೇಲಕ್ಕೆ ಹೋಗಿದ್ದು ಲಾರಿಗಳ ತೂಕ ಮಾತ್ರ. ಬಾಡಿಗೆ ರೂಮಿನ ಮಾಲೀಕ ಒಂದು ಬೆಳಿಗ್ಗೆ ಬಂದು, “ನಮ್ಮ ಹುಡುಗ ಹುಬ್ಬಳ್ಳಿ ಕೆಲಸ ಬಿಟ್ಟು ವಾಪಸ್ ಮನೆಗೆ ಬರ್ತಾನಪ್ಪ, ರೂಮು ಬೇಕಾಗೈತೆ,” ಎಂದ. ಅವರ ಮಗ ಅವರ ಮನೆಗೆ ಬಂದದ್ದಕ್ಕೆ ಇವನು ಇವನ ಮನೆಗೆ ಬರಬೇಕಾಯಿತು.

ಇವನಿಗಿಂತ ಮೊದಲೇ ಪ್ರೇಮಲತಾ ಬಂದಿದ್ದಳು. ಗಂಡನ ಮನೆಯಿಂದ ಒಂದು ವಾರಕ್ಕೆಂದು ಬಂದು ಹದಿನಾಲ್ಕು ತಿಂಗಳಾಗಿತ್ತು. ಯಾಕೆಂದು ಅವಳು ಹೇಳಲಿಲ್ಲ, ಯರ್ರಮ್ಮ ಕೇಳಲಿಲ್ಲ, ತಟ್ಟೆ ಒಂದು ಹೆಚ್ಚಿಗೆ ಇಟ್ಟಳು ಅಷ್ಟೆ. ಈಗ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಬಂದು ಅಡಿಗೆಮನೆಯ ಪಕ್ಕದ ಸಂದಿಯಲ್ಲಿ ಚಾಪೆ ಹಾಸುತ್ತಾಳೆ.

“ಹಂಗಾದ್ರೆ ನಾನೆಲ್ಲಿ ಮಲಗ್ಲಿ?” ಎಂದು ಅಂಜಿನೇಯ ಮೊದಲ ದಿನವೇ ಕೇಳಿದ್ದ.

“ಪಡಸಾಲ್ಯಾಗೆ. ನಿಮ್ಮಪ್ಪ ಮಲಗಲ್ವಾ?” ಎಂದಳು ಅವ್ವ.

ಅಪ್ಪ ನಾಗೇಂದ್ರಪ್ಪ ಮಲಗುತ್ತಿದ್ದುದು ಟಿ.ವಿ. ಕೆಳಗೆ, ಟಿ.ವಿ. ಆರಿಸದೆ.

ಆ ಮಗ್ಗದ ಹಿಂದೆ ಮೂವತ್ತೆರಡು ವರ್ಷಗಳಿದ್ದವು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆ ಒಬ್ಬರಿಂದ ಆಗುವ ಕೆಲಸವಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ನೇಯುತ್ತಾನೆ. ಬಲಗಡೆ ಮಣೆಯ ಮೇಲೆ ಇನ್ನೊಬ್ಬರು ಕೂತು ಅಂಚಿನ ದಾರದ ಲಾಳಿಯನ್ನು ಅವನತ್ತ ಎಸೆಯುತ್ತಿರಬೇಕು. ರೇಷ್ಮೆ ಕೊಟ್ಟು ಕೂಲಿಗೆ ನೇಯಿಸುವ ಶಾಂತವೀರಪ್ಪನವರ ಶೆಡ್ಡಿನಲ್ಲಿ ನಾಗೇಂದ್ರಪ್ಪ ಕುಣಿಯಲ್ಲಿ, ಯರ್ರಮ್ಮ ಮಣೆಯ ಮೇಲೆ. ಮದುವೆಯಾಗಿ ಬಂದ ಮೂರನೇ ದಿನ ಹತ್ತಿದ ಮಣೆ ಅದು. ಬಸುರಿದ್ದಾಗಲೂ ಕೂತಳು, ಬಾಣಂತನ ಮುಗಿಸಿ ಕೂಸನ್ನು ಪಕ್ಕದ ಬುಟ್ಟಿಯಲ್ಲಿ ಹಾಕಿಕೊಂಡೂ ಕೂತಳು. ಮಗ್ಗದಿಂದ ಇಳಿದ ಸೀರೆಯನ್ನು ಎಲ್ಲರೂ “ನಾಗೇಂದ್ರಪ್ಪನ ಸೀರೆ” ಎನ್ನುತ್ತಿದ್ದರು. ನಾಗೇಂದ್ರಪ್ಪನೂ ಹಾಗೇ ಎನ್ನುತ್ತಿದ್ದ.

ಅವನ ಮೊಣಕಾಲು ಕೈಕೊಟ್ಟು ಕುಣಿ ಹತ್ತಿ ಇಳಿಯುವುದು ನಿಂತ ಮೇಲೆ ಯರ್ರಮ್ಮ ಒಬ್ಬಳೇ ಶಾಂತವೀರಪ್ಪನವರ ಮುಂದೆ ಹೋಗಿ ನಿಂತಳು.

“ಮೂಲ್ಯಾಗೆ ಬಿದ್ದೈತಲ್ರಿ, ಆ ಹಳೇ ಮಗ್ಗ ನಂಗೆ ಕೊಡ್ರಿ.”

“ಯಾರಮ್ಮ ನೇಯೋರು?”

“ನಾನೇ.”

ಶಾಂತವೀರಪ್ಪನವರು ನಕ್ಕರು, ಆದರೆ ಕೊಟ್ಟರು. ಮಗ್ಗ ಗೂಡ್ಸ್ ಆಟೊದಲ್ಲಿ ಬಂದು ಹಿತ್ತಲಲ್ಲಿ ತಾಡಪಾಲಿನಡಿ ಎರಡು ವರ್ಷ ಕಾಯಿತು. ಒಂದು ಮಳೆಗಾಲ ಸೂರು ಸೋರಿತು, ಮುಂದಿನದರಲ್ಲಿ ಪ್ರೇಮಲತಾ ಬಂದಳು. ಕೊನೆಗೆ ಮಗನ ಕೋಣೆಗೆ ಸುಣ್ಣ ಹೊಡೆಸಿ, ಆಳು ಹಚ್ಚಿ ಕುಣಿ ತೆಗೆಸಿದ ವಾರವೇ ಮಗ ಬಕೆಟ್ಟು ಹಿಡಿದು ಬಂದ.

ಮಗ್ಗ ಕೋಣೆ ತುಂಬ ನಿಂತಿತು. ಶಾಂತವೀರಪ್ಪನವರು ಮೂರು ಸೀರೆಗಾಗುವಷ್ಟು ಹಾಸು ಕೊಟ್ಟರು. ಮೊದಲು ಉದ್ದದ ಎಳೆಗಳನ್ನೆಲ್ಲ ಮಗ್ಗಕ್ಕೆ ಏರಿಸಬೇಕು, ಅದೇ ಹಾಸು. ಒಮ್ಮೆ ಏರಿಸಿದರೆ ಮೂರೂ ಸೀರೆ ನೇಯ್ದೇ ಇಳಿಸಬೇಕು, ನಡುವೆ ಬಿಚ್ಚಿದರೆ ರೇಷ್ಮೆಯೆಲ್ಲ ಸಿಕ್ಕು. ಎರಡು ತಿಂಗಳ ಕೆಲಸ. ಐದು ತಿಂಗಳಾದರೂ ಎರಡನೆಯ ಸೀರೆ ಅರ್ಧ ದಾಟಿರಲಿಲ್ಲ.

ಯಾಕೆ ದಾಟಲಿಲ್ಲವೆಂಬುದಕ್ಕೆ ಅಂಜಿನೇಯನೇ ಒಳ್ಳೆಯ ಸಾಕ್ಷಿ. ಚಳ್ಳಕೆರೆಯಲ್ಲಿ ಅನ್ನ ಸಾರು ಮಾಡಿಕೊಂಡು, ಅಂಗಿ ಒಗೆದುಕೊಂಡು, ಕಸ ಹೊಡೆದುಕೊಂಡು ಬದುಕಿದ್ದವನ ಎರಡೂ ಕೈ ಅವ್ವನ ಹೊಸ್ತಿಲು ದಾಟುತ್ತಲೇ ಬಿದ್ದುಹೋಗಿದ್ದವು. ಬೆಳಿಗ್ಗೆ ಏಳರ ಬಸ್ಸಿಗೆ ಅವನ ಡಬ್ಬಿ, ಒಂಬತ್ತಕ್ಕೆ ಪ್ರೇಮಲತಾಳ ಡಬ್ಬಿ, ಹತ್ತಕ್ಕೆ ನಾಗೇಂದ್ರಪ್ಪನ ಎರಡನೇ ಟೀ. ಮೂರು ಸಲ ಬಿಸಿನೀರು, ಮೂರು ಥರದ ಊಟದ ಹೊತ್ತು. ಮಣೆಯ ಮೇಲೆ ಕೂರಲು ಪ್ರೇಮಲತಾ ಸಿಗುತ್ತಿದ್ದುದು ಅಂಗಡಿಯಿಂದ ಬಂದ ಮೇಲೆ, ಉಳಿದ ಹೊತ್ತು ಎರಡೂ ಕಡೆಯ ಲಾಳಿ ಅವ್ವನದೇ. ಯರ್ರಮ್ಮ ಕುಣಿಗೆ ಇಳಿದು ನಾಲ್ಕು ಲಾಳಿ ಓಡಿಸುವಷ್ಟರಲ್ಲಿ ಯಾರೋ ಒಬ್ಬರು “ಅವ್ವ” ಎನ್ನುತ್ತಿದ್ದರು. ಹತ್ತುವಾಗ ಕೈ ಊರಿ ಊರಿ ಕುಣಿಯ ಅಂಚಿನ ಗಾರೆ ನುಣುಪಾಗಿತ್ತು.

ಇಂಥ ಹೊತ್ತಲ್ಲಿ ತಳುಕಿನ ಕಲ್ಲೇಶಪ್ಪನವರಿಂದ ಫೋನು ಬಂತು. ಅಂಜಿನೇಯನಿಗೆ ನೋಡಿದ್ದ ಹುಡುಗಿಯ ಸೋದರಮಾವ ಅವರು. ಹುಡುಗಿಗೆ ಹುಡುಗ ಒಪ್ಪಿಗೆಯಂತೆ, ಇದೇ ಒಂದು ದೊಡ್ಡ ಸೋಜಿಗ. ಭಾನುವಾರ ಮನೆ ನೋಡಲು ಬರುತ್ತಾರಂತೆ.

“ಮಗ್ಗ ಬಿಚ್ಚು, ಕುಣಿ ಮುಚ್ಚು,” ಎಂದ ನಾಗೇಂದ್ರಪ್ಪ, ಟಿ.ವಿ. ಕಡೆಯಿಂದ ಕಣ್ಣು ತೆಗೆಯದೆ. “ಮದುವೆ ಗಂಡಿಗೆ ಒಂದು ಕೋಣೆ ಇಲ್ಲ ಅಂದ್ರೆ ಹೆಣ್ಣು ಯಾರು ಕೊಡ್ತಾರೆ?”

“ಹಾಸು ಐತೆ. ಒಂದೂವರೆ ಸೀರೆ ಬಾಕಿ.”

“ಕತ್ತರಿಸಿ ಒಗಿ. ಶಾಂತವೀರಪ್ಪನಿಗೆ ನಾನ್ ಹೇಳ್ತೀನಿ.”

ಯರ್ರಮ್ಮ ತಟ್ಟೆಗಳನ್ನು ತೆಗೆದುಕೊಂಡು ಹೋದಳು. ಮಾತಾಡುವ ಹೊಣೆ ಮಗನ ಮೇಲೆ ಬಿತ್ತು.

ಸುಳ್ಳು ಯಾಕೆ, ಅಂಜಿನೇಯನಿಗೆ ಕೋಣೆ ಬೇಕಾಗಿತ್ತು. ಹಿಂದಿನ ಭಾನುವಾರ ಅವ್ವ ನೇಯುತ್ತಿದ್ದಾಗಲೇ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದಿದ್ದ.

“ಏನ್ ಅಳೀತಿದೀಯಾ?” ಎಂದಿದ್ದಳು ಅವ್ವ.

“ಸುಮ್ನೆ.”

“ಮಗ್ಗದ ಪಕ್ಕ ಆರಡಿ ಮಂಚ ಹಿಡಿಯಲ್ಲ. ನಾನೂ ಅಳದೀನಿ,” ಎಂದು ಅವಳು ಲಾಳಿ ತಳ್ಳಿದ್ದಳು.

ಶುಕ್ರವಾರ ರಜೆ ಹಾಕಿ, ಬಸ್ಸಿನಲ್ಲಿ ನಾಲ್ಕು ದಿನ ಕಂಠಪಾಠ ಮಾಡಿದ್ದ ಮಾತುಗಳನ್ನು ಬಾಯಲ್ಲಿಟ್ಟುಕೊಂಡು ಅವನು ಕೋಣೆಗೆ ಹೋದ. ಬೆಳಗಿನ ಹನ್ನೊಂದು ಗಂಟೆ. ಅವ್ವ ಕುಣಿಯಲ್ಲಿ ಕೂತೇ ನಿದ್ದೆ ಹೋಗಿದ್ದಳು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ಮೇಲೆ ಹಣೆ, ಕೈಯಲ್ಲಿ ಲಾಳಿ ಹಾಗೇ ಇತ್ತು. ಬೆರಳು ನಿದ್ದೆಯಲ್ಲೂ ದಾರ ಒತ್ತಿ ಹಿಡಿದಿತ್ತು. ಎಷ್ಟು ಹೊತ್ತು ನಿಂತನೋ, ಕಾಲು ಜೋಮು ಹಿಡಿಯಿತು.

“ಟೈಮೆಷ್ಟಾಯ್ತು?” ಅವಳು ಗಡಬಡಿಸಿ ಎದ್ದಳು. “ಒಲೆ ಮ್ಯಾಲೆ ಏನಾರ ಐತಾ?”

“ಏನೂ ಇಲ್ಲ.”

“ಹಂಗಾದ್ರೆ ಕೂಕ. ನಿಮ್ಮಕ್ಕ ಅಂಗಡಿಗೆ ಹೋಗ್ಯಾಳೆ, ಲಾಳಿ ಎಸಿಯೋಕೆ ಯಾರೂ ಇಲ್ಲ.”

ಅವನು ಮಣೆಯ ಮೇಲೆ ಕೂತ. ಎಸೆದ ಮೊದಲ ಲಾಳಿ ಅವ್ವನ ಮೊಣಕೈಗೆ ಬಡಿಯಿತು. ಎರಡನೆಯದು ನಾಲ್ಕು ಎಳೆ ಹರಿಯಿತು. ಯರ್ರಮ್ಮ ಎಳೆ ಹುಡುಕಿ, ಎಂಜಲು ಹಚ್ಚಿ, ಹೊಸೆದು ಕೂಡಿಸಿದಳು.

“ಇಪ್ಪತ್ತು ಟನ್ ಲಾರಿ ತೂಗ್ತೀಯಾ,” ಎಂದಳು ಆಮೇಲೆ. “ಇದು ಒಂದು ಗುಲಗಂಜಿ ಭಾರ ಇಲ್ಲ ನೋಡು.”

“ಅವ್ವ, ಭಾನುವಾರ…”

“ಗೊತ್ತೈತೆ.”

“ಅಪ್ಪ ಹೇಳ್ತಾನೆ…”

“ಅವನು ಹೇಳಿದ್ದು ನಂಗೂ ಕೇಳ್ಸೈತೆ. ನೀನೇನ್ ಹೇಳ್ತೀಯಾ?”

ಅವನು ಲಾಳಿ ಎಸೆದ, ಈ ಸಲ ಅದು ಸರಿಯಾಗಿ ಹೋಯಿತು.

“ಅಲ್ಲಿ ಕೂತ್ರೆ ಏನ್ ಕಾಣ್ತೈತೆ ನಿಂಗೆ?” ಎಂದಳು ಯರ್ರಮ್ಮ.

ಅವನು ನೋಡಿದ. ಅಂಗೈ ಅಗಲದ ಕೆಂಪು ಅಂಚು. ಅದರಾಚೆ ಅವ್ವನ ತೋಳು ಅಡ್ಡ.

“ಅಂಚು.”

“ಹೂಂ. ಮೂವತ್ತೆರಡು ವರ್ಷ ನಾನೂ ಅಷ್ಟೇ ನೋಡಿದ್ದು. ಇಲ್ಲಿ ಕೂತ್ರೆ ಸೀರೆ ಕಾಣ್ತೈತೆ.” ಲಾಳಿ ತಳ್ಳಿ, “ಬೇಗ ಬೇಗ ಎಸಿ, ನಿಮ್ಮಪ್ಪ ಟೀ ಕೇಳ್ತಾನೆ ಈಗ,” ಎಂದಳು. ಅಪ್ಪ ಕೇಳಿಯೇ ಬಿಟ್ಟ. ಟೀ ಮಾಡಲು ಅಂಜಿನೇಯ ಎದ್ದ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಅಲ್ಲಿಂದ ಕೂಗಿ ಕೇಳಿದ್ದರಿಂದ ಉಪಕಾರ ಅಷ್ಟಕ್ಕಷ್ಟೇ ಆಯಿತು.

ಭಾನುವಾರ ಬೆಳಿಗ್ಗೆ ನಾಗೇಂದ್ರಪ್ಪ ಮಗ್ಗದ ಮೇಲೆ ಹೂವಿನ ಚಿತ್ತಾರದ ದೊಡ್ಡ ಹೊದಿಕೆ ಎಳೆದ. ದೂರದಿಂದ ನೋಡಿದರೆ ಮಂಚವೆನಿಸಬೇಕೆಂಬುದು ಅವನ ಲೆಕ್ಕ. ನೋಡಿದರೆ ಆನೆ ಮಲಗಿದಂತಿತ್ತು. ಕಲ್ಲೇಶಪ್ಪನವರು ಹೆಂಡತಿಯ ಜೊತೆ ಬಂದರು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದರು, ಬಜ್ಜಿ ಹೊಗಳಿದರು. ಕೈ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿ ನೀರು ನೋಡಿದರು, ಹಿತ್ತಲು ನೋಡಿದರು, ತಲೆಯೆತ್ತಿ ಸೂರು ನೋಡಿದರು. ಕೊನೆಗೆ ಕೋಣೆಯ ಬಾಗಿಲಿಗೆ ಬಂದು ಹೊದಿಕೆಯ ತುದಿ ಎತ್ತಿದರು. ಕುಣಿ ಬಾಯಿ ತೆರೆದುಕೊಂಡಿತ್ತು.

“ಓಹೋ. ಯಾರದ್ರಿ ಇದು ಮಗ್ಗ?”

“ನಂದು ರೀ, ಹಳೇದು,” ಎಂದ ನಾಗೇಂದ್ರಪ್ಪ. “ಈಗ ಯಾರೂ ಕೂರಲ್ಲ.”

“ಅವ್ವಂದು ರೀ,” ಎಂದ ಅಂಜಿನೇಯ. ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. ಹೇಳಿದ ಮೇಲೆ, ಹೋಯಿತು ಮದುವೆ, ಎಂದುಕೊಂಡು ಬಜ್ಜಿಯ ತಟ್ಟೆ ನೋಡುತ್ತಾ ನಿಂತ. ಅಪ್ಪ ಕೆಮ್ಮಿದ. ಪ್ರೇಮಲತಾ ಅಡಿಗೆಮನೆಯ ಬಾಗಿಲಿಗೆ ಬಂದಳು.

ಕಲ್ಲೇಶಪ್ಪನವರು ಕೆಟ್ಟವರಲ್ಲ. ಮನೆ ನೋಡಲು ಬಂದವರು ಕೇಳಬೇಕಾದ್ದನ್ನು ಕೇಳಿದರು, ಅದನ್ನೂ ಯರ್ರಮ್ಮನ ಕಡೆಗೇ ತಿರುಗಿ ಕೇಳಿದರು.

“ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ಇರೋದು ಒಂದು ಕೋಣೆ. ನಾಳೆ ಮದುವೆ ಆದ್ರೆ ಈ ಮಗ್ಗ ಎಲ್ಲಿಗೆ ಹೋಗ್ತೈತೆ?”

ಯರ್ರಮ್ಮ ಕಾಫಿ ಲೋಟಗಳ ತಟ್ಟೆಯನ್ನು ಕಿಟಕಿಯಲ್ಲಿಟ್ಟಳು. ಹೊದಿಕೆಯನ್ನು ಪೂರ್ತಿ ಎಳೆದು ಮಡಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಮಗನತ್ತ ತೋರಿಸಿದಳು.

“ಮಗ್ಗ ಎಲ್ಲಿಗೂ ಹೋಗಲ್ರಿ. ಇವನು ಹೋಗ್ತಾನೆ.”